ಮಕ್ಕಳ ಮೈನಸ್ ಪವರ್ ಏರುತ್ತಿದ್ದರೆ: ಯಾವ ಕನ್ನಡಕ, ಯಾವ ಲೆನ್ಸ್, ಯಾವ ಡ್ರಾಪ್ಸ್?

ನನ್ನ ಮಗಳು ಬಸ್ಸಿನ ಬೋರ್ಡು ಓದುತ್ತಿಲ್ಲ, ಬಣ್ಣ ನೋಡಿ ಬಸ್ಸು ಹೇಳುತ್ತಿದ್ದಾಳೆ ಅಂತ ಗೊತ್ತಾಗಿದ್ದು ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ. ತೀರ್ಥಹಳ್ಳಿಗೆ, ನನ್ನ ತವರಿಗೆ ಹೊರಟಿದ್ದೆವು. "ಅಮ್ಮಾ, ನಮ್ ಬಸ್ ಬಂತು" ಅಂತ ಬ್ಯಾಗು ಎತ್ತಿಕೊಂಡು ನಿಂತಳು. ಹತ್ತಿರ ಬಂದರೆ ಅದು ಸಾಗರದ ಬಸ್ಸು. ಬಣ್ಣ ಒಂದೇ, ಊರು ಬೇರೆ. ಆಗ ಅವಳಿಗೆ ಎಂಟು ವರ್ಷ.

ಅಲ್ಲಿಂದ ಶುರುವಾದ ಓಡಾಟಕ್ಕೆ ಈಗ ಮೂರು ವರ್ಷ. ಈ ನಡುವೆ ಅಣ್ಣನ ಮಗನಿಗೂ ಕನ್ನಡಕ ಬಂತು, ಪಕ್ಕದ ಮನೆಯ ಹುಡುಗಿಗೂ ಬಂತು. ಮೂರು ಮನೆಯವರು ಮೂರು ದಾರಿ ಹಿಡಿದೆವು. ನಾನು ಡಾಕ್ಟರಲ್ಲ, ಒಂದು ಫೈಲು ತುಂಬ ರಿಪೋರ್ಟು ಇಟ್ಟುಕೊಂಡಿರುವ ತಾಯಿ ಅಷ್ಟೇ. ಆದರೆ "ಮಗುಗೆ ಮೈನಸ್ ಬಂದಿದೆ, ಯಾವುದು ತಗೊಳ್ಳೋದು?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದೇ ಸಲ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ದೂರದ್ದು ಕಾಣುವಂತೆ ಮಾಡುವುದು ಬೇರೆ ಕೆಲಸ. ಕಣ್ಣು ಉದ್ದುದ್ದ ಬೆಳೆಯುವುದನ್ನು ನಿಧಾನ ಮಾಡುವುದು ಬೇರೆ ಕೆಲಸ. ಮಾಮೂಲಿ ಕನ್ನಡಕ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ, ಎರಡನೆಯದನ್ನು ಮಾಡುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಇದನ್ನು ಯಾರೂ ನನಗೆ ಬಿಡಿಸಿ ಹೇಳಲಿಲ್ಲ.

ಕಣ್ಣಿನ ಅಂಚಿನಲ್ಲಿ ನಡೆಯುವ ಕತೆ

ಹುಟ್ಟಿದ ಮಗುವಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 16-17 ಮಿ.ಮೀ. ಉದ್ದ ಇರುತ್ತದೆ. ದೊಡ್ಡವರಾಗುವ ಹೊತ್ತಿಗೆ 23-24 ಮಿ.ಮೀ. ಬೆಳೆಯುತ್ತಾ ಬೆಳೆಯುತ್ತಾ ಹಿಂಗೋಡೆಯ ಪರದೆ, ಅಂದರೆ ರೆಟಿನಾ, ಸರಿಯಾಗಿ ಚಿತ್ರ ಬೀಳುವ ಜಾಗಕ್ಕೆ ಬಂದು ನಿಲ್ಲಬೇಕು. ಒಂದು ಮಿ.ಮೀ. ಹೆಚ್ಚು ಬೆಳೆದರೆ ಸುಮಾರು ಎರಡೂವರೆಯಿಂದ ಮೂರು ಪವರ್ ಮೈನಸ್ ಆಗುತ್ತದೆ. ಅಷ್ಟು ಸೂಕ್ಷ್ಮದ ಲೆಕ್ಕವನ್ನು ಕಣ್ಣು ಹೇಗೆ ಇಡುತ್ತದೆ? ತನ್ನ ಮೇಲೆ ಬೀಳುತ್ತಿರುವ ಚಿತ್ರವನ್ನು ನೋಡಿಯೇ. ಚಿತ್ರ ಪರದೆಗಿಂತ ಹಿಂದೆ ಬಿದ್ದರೆ "ಇನ್ನೂ ಬೆಳಿ" ಅಂತ ಸೂಚನೆ. ಮುಂದೆ ಬಿದ್ದರೆ "ಸಾಕು, ನಿಲ್ಲು".

ಈ ಸೂಚನೆ ಬರೋದು ನಾವು ನೇರವಾಗಿ ನೋಡುವ ನಡುಬಿಂದುವಿನಿಂದ ಮಾತ್ರ ಅಂತ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. 1987ರಲ್ಲಿ ಜೋಶ್ ವಾಲ್ಮನ್ ಮತ್ತು ಜೊತೆಯವರು ಕೋಳಿಮರಿಗಳ ಅರ್ಧ ನೋಟಕ್ಕೆ ಮಾತ್ರ ಮಸುಕು ಪರದೆ ಕಟ್ಟಿ ನೋಡಿದರು. ಕಣ್ಣಿನ ಆ ಅರ್ಧ ಭಾಗ ಮಾತ್ರ ಹಿಗ್ಗಿತು. ಅಂದರೆ ಕಣ್ಣಿನ ಒಂದೊಂದು ಭಾಗವೂ ತನ್ನ ಬೆಳವಣಿಗೆಯನ್ನು ತಾನೇ ನೋಡಿಕೊಳ್ಳುತ್ತದೆ. 2005ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಅರ್ಲ್ ಸ್ಮಿತ್ ತಂಡ ಕೋತಿಮರಿಗಳಿಗೆ ನಡುವಿನ ನೋಟ ಸ್ವಚ್ಛವಾಗಿ ಬಿಟ್ಟು, ಅಂಚಿನ ನೋಟ ಮಾತ್ರ ಮಬ್ಬು ಮಾಡಿತು. ನಡುವಿನಲ್ಲಿ ಎಲ್ಲಾ ಚೆನ್ನಾಗಿ ಕಾಣುತ್ತಿದ್ದರೂ ಕಣ್ಣು ಉದ್ದ ಬೆಳೆದು ಮೈನಸ್ ಬಂತು.

ನಮ್ಮ ಮಕ್ಕಳಿಗೆ ಇದು ಹೇಗೆ ಅನ್ವಯ? ಅಣ್ಣನಿಗೆ ನಾನು ಹೇಳಿದ್ದು ಹೀಗೆ. ಸರಿಯಾಗಿ ಬೆಳೆದ ಕಣ್ಣು ನೆಲ್ಲಿಕಾಯಿಯ ಹಾಗೆ ದುಂಡಗೆ. ಮೈನಸ್ ಕಣ್ಣು ಹಣ್ಣಡಿಕೆಯ ಹಾಗೆ ಉದ್ದುದ್ದ. ಒಂದು ಹಣ್ಣಡಿಕೆಯನ್ನು ಹಾಳೆತಟ್ಟೆಯ ನಡುವೆ ನಿಲ್ಲಿಸಿ ಹಿಡಿ. ಅಡಿಕೆಯ ಸಿಪ್ಪೆ ಅಂದರೆ ರೆಟಿನಾ. ತಟ್ಟೆ ಅಂದರೆ ಚಿತ್ರ ಫೋಕಸ್ ಆಗುವ ಜಾಗ. ತುದಿಯಲ್ಲಿ ಎರಡೂ ತಾಗಿಕೊಂಡಿವೆ. ಅದೇ ಮಾಮೂಲಿ ಕನ್ನಡಕ ಮಾಡುವ ಕೆಲಸ, ನಡುವಿನಲ್ಲಿ ಚಿತ್ರವನ್ನು ಪರದೆಗೆ ತಂದು ತಾಗಿಸುವುದು. ಆದರೆ ಸುತ್ತಲೂ ನೋಡು. ಸಿಪ್ಪೆಗೂ ತಟ್ಟೆಗೂ ನಡುವೆ ಸಂದು. ಅಲ್ಲೆಲ್ಲ ಚಿತ್ರ ಪರದೆಯ ಹಿಂದೆ ಬೀಳುತ್ತಿದೆ. ನಡುವೆ ಕೂತ ಚುಕ್ಕೆಯಷ್ಟು ಜಾಗ "ಸರಿಯಾಗಿದೆ" ಅನ್ನುತ್ತದೆ. ಅದರ ಸುತ್ತ ಇರುವ ಎಷ್ಟೋ ಪಾಲು ದೊಡ್ಡ ಜಾಗ "ಬೆಳಿ, ಬೆಳಿ" ಅನ್ನುತ್ತದೆ. ಕಣ್ಣು ಬೆಳೆಯುತ್ತದೆ. ಮುಂದಿನ ವರ್ಷ ಪವರ್ ಏರುತ್ತದೆ, ಹೊಸ ಕನ್ನಡಕ, ಮತ್ತೆ ಅದೇ ಕತೆ.

ಅಣ್ಣ ತೋಟದಲ್ಲಿ ನಿಂತೇ ಅಡಿಕೆ ಹಿಡಿದು ನೋಡಿದ. "ಹಂಗಾದ್ರೆ ಅಂಚಿನಲ್ಲಿ ತಟ್ಟೆ ಮೇಲಕ್ಕೆ ಮಡಿಸಿದ್ರೆ ಆತಲ್ಲ ಮಾರಾಯ್ತಿ" ಅಂದ. ಮಡಿಸಿದ ಅಂಚು ಸಿಪ್ಪೆಗಿಂತ ಒಳಗೆ ಬರಬೇಕು, ಅಂದರೆ ಚಿತ್ರ ಪರದೆಯ ಮುಂದೆ ಬೀಳಬೇಕು. ಕೆಳಗೆ ಹೇಳುವ ಹೊಸ ಕನ್ನಡಕ, ಲೆನ್ಸುಗಳೆಲ್ಲ ಮಾಡಲು ಹೊರಟಿದ್ದು ಅದನ್ನೇ.

ಆದರೆ ಕತೆ ಇಷ್ಟು ನೇರವಲ್ಲ. 1971ರಲ್ಲಿ ನೆದರ್‌ಲ್ಯಾಂಡ್ಸಿನ ಹೂಗರ್‌ಹೈಡೆ ತಂಡ ಪೈಲಟ್ ತರಬೇತಿಗೆ ಬಂದ ಯುವಕರ ಅಂಚಿನ ನೋಟ ಅಳೆದು, ಯಾರಿಗೆ ಮುಂದೆ ಮೈನಸ್ ಬರಬಹುದು ಅಂತ ಅದರಿಂದ ತಿಳಿಯಬಹುದು ಅನ್ನುವ ಆಸೆ ಹುಟ್ಟಿಸಿತ್ತು. ಆಮೇಲೆ ಮಕ್ಕಳಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನಗಳು ಅಷ್ಟು ಗಟ್ಟಿ ಸಂಬಂಧ ತೋರಿಸಲಿಲ್ಲ. ಅಂಚಿನ ಚಿತ್ರ ಹಿಂದೆ ಬೀಳೋದು ಎಷ್ಟೋ ಸಲ ಮೈನಸ್ ಬಂದಿದ್ದರ ಫಲ, ಕಾರಣವಲ್ಲ. ಅಂಚಿನಲ್ಲಿ ನಯವಾಗಿ ಪವರ್ ಬದಲಿಸಿದ ಮೊದಲ ತಲೆಮಾರಿನ ಕನ್ನಡಕಗಳು ಜಪಾನಿನಲ್ಲಿ ಪರೀಕ್ಷೆಗೆ ಇಟ್ಟಾಗ ಉಪಯೋಗ ಕಾಣಲಿಲ್ಲ. ಸುಮ್ನೆ "ಅಂಚು ಸರಿ ಮಾಡುತ್ತೆ" ಅಂದರೆ ಸಾಲದು. ಮಕ್ಕಳಿಗೆ ಹಾಕಿ ಎರಡು ವರ್ಷ ಅಳೆದು ನೋಡಿದ್ದಾರಾ ಅಂತ ಕೇಳಬೇಕು. ನಾನು ಈ ಕೆಳಗಿನವನ್ನು ಅದೇ ತಕ್ಕಡಿಯಲ್ಲಿ ತೂಗಿದ್ದೇನೆ.

ಮಾಮೂಲಿ ಕನ್ನಡಕ ಸಾಕಾ?

ಕೆಲವರಿಗೆ ಸಾಕು. ಹದಿನಾರು ದಾಟಿದ ಮಗು, ವರ್ಷಕ್ಕೆ ಕಾಲು ಪವರ್ ಕೂಡ ಏರುತ್ತಿಲ್ಲ ಅಂದರೆ ದುಡ್ಡು ಸುರಿಯುವ ಅಗತ್ಯ ಇಲ್ಲ. ಏಳೆಂಟು ವರ್ಷಕ್ಕೇ ಮೈನಸ್ ಶುರುವಾಗಿ, ವರ್ಷಕ್ಕೆ ಅರ್ಧ ಅಥವಾ ಜಾಸ್ತಿ ಏರುತ್ತಿದ್ದರೆ ಮಾಮೂಲಿ ಕನ್ನಡಕದಲ್ಲೇ ಕೂತಿರುವುದು ನನ್ನ ಪ್ರಕಾರ ತಪ್ಪು. ಚಿಕ್ಕ ವಯಸ್ಸಿಗೆ ಶುರುವಾದಷ್ಟೂ ಏರಲು ವರ್ಷಗಳು ಜಾಸ್ತಿ ಸಿಗುತ್ತವೆ. ಪವರ್ ಆರು ದಾಟಿದರೆ ಮುಂದೆ ರೆಟಿನಾ ಕಳಚುವ, ನಡುನೋಟ ಹಾಳಾಗುವ ಅಪಾಯ ಹೆಚ್ಚು. ಒಂದು ಪವರ್ ಕಡಿಮೆ ಮಾಡಿಸಿದರೂ ನಡುನೋಟದ ಆ ಕಾಯಿಲೆಯ ಅಪಾಯ ಸುಮಾರು ಶೇ. 40 ಇಳಿಯುತ್ತದೆ ಅನ್ನುತ್ತದೆ ಬುಲಿಮೋರ್ ಮತ್ತು ಬ್ರೆನನ್ ಅವರ 2019ರ ಲೆಕ್ಕ.

ಇನ್ನು ನಮ್ಮ ಕಡೆ ಹಿರಿಯರು ಹೇಳುವ ಒಂದು ಉಪಾಯ: "ಪೂರ್ತಿ ಪವರ್ ಕೊಡಬ್ಯಾಡಿ, ಸ್ವಲ್ಪ ಕಮ್ಮಿ ಕೊಡಿ, ಕಣ್ಣು ಅಭ್ಯಾಸ ಆಗ್ತದೆ." ಅಮ್ಮನೂ ಇದನ್ನೇ ಹೇಳಿದಳು. ಮಲೇಷ್ಯಾದಲ್ಲಿ ಇದನ್ನು ಮಾಡಿ ನೋಡಿದ್ದಾರೆ, 2002ರಲ್ಲಿ ಪ್ರಕಟವಾಗಿದೆ. ಕಮ್ಮಿ ಪವರ್ ಹಾಕಿದ ಮಕ್ಕಳಿಗೇ ಮೈನಸ್ ಬೇಗ ಏರಿತು. ಮಕ್ಕಳಿಗೆ ಪ್ರೋಗ್ರೆಸಿವ್ ಲೆನ್ಸ್, ಅಂದರೆ ದೂರಕ್ಕೂ ಓದಲಿಕ್ಕೂ ಒಂದೇ ಗಾಜು, ಕೊಡುವುದನ್ನೂ ಅಮೆರಿಕದಲ್ಲಿ ದೊಡ್ಡದಾಗಿ ಪರೀಕ್ಷಿಸಿದರು. ಮೂರು ವರ್ಷಕ್ಕೆ ಸಿಕ್ಕ ಲಾಭ 0.20 ಡಯಾಪ್ಟರ್, ಅಂದರೆ ಕಾಲು ಪವರ್ ಕೂಡ ಅಲ್ಲ. ಎರಡನ್ನೂ ಬಿಡಿ.

ಚುಕ್ಕಿ ಕನ್ನಡಕ

ನಮ್ಮ ಮನೆಯವರು ಇಟ್ಟ ಹೆಸರು ಇದು. ಗಾಜನ್ನು ಬೆಳಕಿಗೆ ಓರೆ ಹಿಡಿದರೆ ಜೇನುಗೂಡಿನ ಹಾಗೆ, ಅಥವಾ ಉಂಗುರ ಉಂಗುರವಾಗಿ ಸಣ್ಣ ಚುಕ್ಕಿಗಳು ಕಾಣುತ್ತವೆ. ನಡುವೆ ಮಾಮೂಲಿ ಪವರ್. ಸುತ್ತ ನೂರಾರು ಪುಟಾಣಿ ಲೆನ್ಸುಗಳು. ಮಗು ನಡುವಿನಿಂದ ಸ್ವಚ್ಛವಾಗಿ ನೋಡುತ್ತದೆ, ಅಂಚಿನ ಬೆಳಕಿನ ಒಂದು ಪಾಲನ್ನು ಚುಕ್ಕಿಗಳು ಪರದೆಯ ಮುಂದಕ್ಕೆ ಎಳೆದು ತರುತ್ತವೆ. ಅಣ್ಣ ಹೇಳಿದ ಹಾಗೆ ತಟ್ಟೆಯ ಅಂಚು ಮಡಿಸಿದ್ದು.

ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಎರಡು. ಹೋಯಾ ಕಂಪನಿಯ ಮಿಯೋಸ್ಮಾರ್ಟ್ ಒಂದು. ನಡುವೆ ಸುಮಾರು 9 ಮಿ.ಮೀ. ಸ್ವಚ್ಛ ಜಾಗ, ಸುತ್ತ ಸುಮಾರು 400 ಚುಕ್ಕಿ, ಒಂದೊಂದೂ ಸುಮಾರು 1 ಮಿ.ಮೀ. ಅಗಲ, ಪ್ಲಸ್ ಮೂರೂವರೆ ಪವರ್. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರು 8ರಿಂದ 13 ವರ್ಷದ ಮಕ್ಕಳಿಗೆ ಎರಡು ವರ್ಷ ಹಾಕಿಸಿ ನೋಡಿದರು. ಮಾಮೂಲಿ ಕನ್ನಡಕದ ಮಕ್ಕಳಿಗೆ 0.85 ಏರಿತು, ಇವರಿಗೆ 0.41. ಕಣ್ಣಿನ ಉದ್ದ ಅವರದ್ದು 0.55 ಮಿ.ಮೀ. ಬೆಳೆಯಿತು, ಇವರದ್ದು 0.21.

ಇನ್ನೊಂದು ಎಸ್ಸಿಲಾರ್ ಕಂಪನಿಯ ಸ್ಟೆಲ್ಲೆಸ್ಟ್. ಇದರಲ್ಲಿ ಚುಕ್ಕಿಗಳು 11 ಉಂಗುರಗಳಲ್ಲಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಚೀನಾದ ವೆನ್‌ಝೌನಲ್ಲಿ ಎರಡು ವರ್ಷದ ಪರೀಕ್ಷೆಯಲ್ಲಿ ಮಾಮೂಲಿ ಕನ್ನಡಕದವರಿಗೆ 1.46 ಏರಿತು, ಇವರಿಗೆ 0.66. ಉದ್ದ 0.69ಕ್ಕೆ ಎದುರಾಗಿ 0.34 ಮಿ.ಮೀ.

ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ಯಾವುದು ಗೆದ್ದಿತು ಅಂತ ನೋಡಬೇಡಿ. ಊರು ಬೇರೆ, ಮಕ್ಕಳು ಬೇರೆ, ಏರುವ ವೇಗ ಬೇರೆ. ಎರಡೂ ಸುಮಾರು ಅರ್ಧಕ್ಕೆ ಇಳಿಸುತ್ತವೆ ಅಂತ ತಿಳಿದರೆ ಸಾಕು. ಅದಕ್ಕಿಂತ ದೊಡ್ಡ ವಿಷಯ ವೆನ್‌ಝೌ ಪರೀಕ್ಷೆಯಲ್ಲೇ ಇದೆ: ದಿನಕ್ಕೆ 12 ಗಂಟೆ ಅಥವಾ ಜಾಸ್ತಿ ಹಾಕಿಕೊಂಡ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ಡಬ್ಬಿಯಲ್ಲಿ ಇಟ್ಟ ಕನ್ನಡಕ ಯಾವ ಕಂಪನಿಯದ್ದಾದರೇನು?

ಇಲ್ಲಿ ನಮ್ಮದೇ ಎಡವಟ್ಟು ಹೇಳಬೇಕು. ಮಗಳಿಗೆ ಇದನ್ನು ಹಾಕಿಸಿ ಐದು ತಿಂಗಳಿಗೆ ಪರೀಕ್ಷೆಗೆ ಹೋದೆವು. ಡಾಕ್ಟರು ಕಣ್ಣಿಗಿಂತ ಮೊದಲು ಮೂಗು ನೋಡಿದರು. ಫ್ರೇಮು ಜಾರಿ ಮೂಗಿನ ಅರ್ಧಕ್ಕೆ ಬಂದಿತ್ತು. ಮಾರ್ಕರ್ ಪೆನ್ನಿನಿಂದ ಗಾಜಿನ ನಡುಬಿಂದುವಿಗೆ ಒಂದು ಚುಕ್ಕೆ ಇಟ್ಟರು. ಮಗಳಿಗೆ ನೇರ ನೋಡು ಅಂದರು. ಚುಕ್ಕೆ ಪಾಪೆಯ ಎದುರಿಗಿರಲಿಲ್ಲ, ಕೆಳರೆಪ್ಪೆಯ ಹತ್ತಿರ ಇತ್ತು. ಅಂದರೆ ಐದು ತಿಂಗಳೂ ಅವಳು ಚುಕ್ಕಿಗಳ ಮೂಲಕವೇ ಬೋರ್ಡು ನೋಡುತ್ತಿದ್ದಳು. ಅದಕ್ಕೇ ತಲೆ ಎತ್ತಿ ಎತ್ತಿ ನೋಡುತ್ತಿದ್ದದ್ದು. ನಾವು ಅದನ್ನು ಗತ್ತು ಅಂದುಕೊಂಡಿದ್ದೆವು! ಕನ್ನಡಕ ಮಾಡಿಕೊಟ್ಟವರು ಫ್ರೇಮು ಹಾಕಿಸಿ ಎತ್ತರ ಅಳೆದಿರಲಿಲ್ಲ, ಎರಡು ಕಣ್ಣಿನ ಅಂತರ ಮಾತ್ರ ಅಳೆದಿದ್ದರು. ಚಂದ ಕಾಣುತ್ತೆ ಅಂತ ಒಂದು ಅಳತೆ ದೊಡ್ಡ ಫ್ರೇಮು ಆರಿಸಿದ್ದು ನಾನೇ, ಅದೂ ಹೇಳಬೇಕಲ್ಲ.

ಹಾಗಾಗಿ ಈ ಕನ್ನಡಕಕ್ಕೆ ಹೋಗುವವರು ಫ್ರೇಮಿನ ಬಣ್ಣ ಆಮೇಲೆ ನೋಡಿ. ಮೂಗಿನ ಮೇಲೆ ಗಟ್ಟಿ ಕೂರುತ್ತದಾ, ಕಿವಿಯ ಹಿಂದೆ ಹಿಡಿಯುತ್ತದಾ ನೋಡಿ. ಹೊಸ ಗಾಜಿನ ಮೇಲೆ ಕಂಪನಿಯ ತಾತ್ಕಾಲಿಕ ಗುರುತು ಇರುತ್ತದೆ. ಅದನ್ನು ಒರೆಸುವ ಮೊದಲೇ ಮಗುವಿಗೆ ಹಾಕಿಸಿ, ಗುರುತು ಪಾಪೆಯ ಎದುರು ಇದೆಯಾ ಅಂತ ನಿಮ್ಮ ಕಣ್ಣಿಂದ ನೋಡಿ. ಮಳೆಗಾಲದಲ್ಲಿ ಗಾಜು ಹಬೆ ಹಿಡಿದಾಗ ಮಕ್ಕಳು ಒದ್ದೆ ಯೂನಿಫಾರ್ಮಿನ ತುದಿಯಲ್ಲೇ ತಿಕ್ಕುತ್ತವೆ. ಗೀಚು ಬೀಳಲು ಅಷ್ಟು ಸಾಕು. ಬ್ಯಾಗಿನ ಒಳಜೇಬಿನಲ್ಲಿ ಒಣ ಬಟ್ಟೆ ಒಂದು ಇರಲಿ. ಮೊದಲ ಒಂದು ವಾರ ಬದಿಗೆ ಮಸುಕು ಅನ್ನಿಸುತ್ತದೆ, ಮೆಟ್ಟಿಲು ಇಳಿಯುವಾಗ ಜೋಪಾನ. ಬೆಲೆ ಮಾಮೂಲಿ ಗಾಜಿನ ಹಲವು ಪಟ್ಟು. ಪವರ್ ಬದಲಾದರೆ ಮತ್ತೆ ಅಷ್ಟೇ ದುಡ್ಡು, ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಬಗೆಯ ಗಾಜೂ ಇದೆ. ಅದು ಚಿತ್ರವನ್ನು ಮುಂದಕ್ಕೆ ತರುವುದಿಲ್ಲ, ಅಂಚಿನಲ್ಲಿ ಬೆಳಕು ಚೆದುರಿಸಿ ಚಿತ್ರದ ಗಾಢತೆಯನ್ನು ಮಾತ್ರ ತಗ್ಗಿಸುತ್ತದೆ. ಅದರಿಂದಲೂ ಪವರ್ ಏರುವುದು ನಿಧಾನವಾಗಿದೆ. ಅಡಿಕೆ-ತಟ್ಟೆ ಲೆಕ್ಕದಲ್ಲಿ ಇದನ್ನು ವಿವರಿಸಲು ಆಗಲ್ಲ. ಕಣ್ಣಿಗೆ ನಮಗಿಂತ ಜಾಸ್ತಿ ಲೆಕ್ಕ ಗೊತ್ತಿದೆ ಅಂತಲೇ ಕಾಣುತ್ತದೆ.

ಕಣ್ಣಿಗೆ ಹಾಕುವ ಕಾಂಟ್ಯಾಕ್ಟ್ ಲೆನ್ಸುಗಳು

ಎರಡು ಬಗೆ. ಒಂದು, ಹಗಲು ಹಾಕಿಕೊಂಡು ಸಂಜೆ ಎಸೆಯುವ ಮೆತ್ತನೆ ಲೆನ್ಸ್. ಮಿಸೈಟ್ ಇದರಲ್ಲಿ ಹೆಸರು ಮಾಡಿದ್ದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿದೆ. ಮೂರು ವರ್ಷದ ಪರೀಕ್ಷೆಯಲ್ಲಿ ಪವರ್ ಏರುವುದನ್ನು ಶೇ. 59, ಉದ್ದ ಬೆಳೆಯುವುದನ್ನು ಶೇ. 52 ತಗ್ಗಿಸಿತ್ತು. ಇದಕ್ಕೆ ಒಂದು ಅನುಕೂಲ ಇದೆ. ಕಣ್ಣು ತಿರುಗಿದರೆ ಲೆನ್ಸೂ ತಿರುಗುತ್ತದೆ, ಫ್ರೇಮು ಜಾರುವ ನಮ್ಮ ಪಾಡು ಇಲ್ಲ. ಆದರೆ ಎಲ್ಲಾ ಕಡೆ ಸಿಗುವ ಸರಕಲ್ಲ, ತಿಂಗಳು ತಿಂಗಳು ಖರ್ಚು ಇದ್ದೇ ಇದೆ.

ಎರಡನೆಯದು ರಾತ್ರಿ ಲೆನ್ಸ್, ಆರ್ಥೋ-ಕೆ. ಪಕ್ಕದ ಮನೆಯ ಹುಡುಗಿ ಹಿಡಿದ ದಾರಿ ಇದು. ಹದಿಮೂರು ವರ್ಷ, ಭರತನಾಟ್ಯ ಕಲಿಯುತ್ತಾಳೆ, ಕನ್ನಡಕ ಹಾಕಿಕೊಂಡು ಕುಣಿಯಲ್ಲ ಅಂತ ಹಟ. ಮಲಗುವಾಗ ಗಟ್ಟಿ ಲೆನ್ಸ್ ಹಾಕಿಕೊಂಡರೆ ಕಣ್ಣಿನ ಮುಂಭಾಗ ರಾತ್ರಿಯಿಡೀ ನಡುವೆ ಚಪ್ಪಟೆಯಾಗಿ ಸುತ್ತ ಉಬ್ಬುತ್ತದೆ. ಬೆಳಗ್ಗೆ ತೆಗೆದರೆ ಹಗಲೆಲ್ಲ ಕನ್ನಡಕವಿಲ್ಲದೆ ಕಾಣುತ್ತದೆ. ಆ ಉಬ್ಬಿದ ಸುತ್ತಿನಿಂದಾಗಿ ಅಂಚಿನ ಚಿತ್ರ ಪರದೆಯ ಮುಂದೆ ಬೀಳುತ್ತದೆ. ಹಾಂಗ್‌ಕಾಂಗಿನಲ್ಲಿ ಎರಡು ವರ್ಷದ ಪರೀಕ್ಷೆಯಲ್ಲಿ ಕಣ್ಣು ಉದ್ದವಾಗುವುದು ಶೇ. 43 ತಗ್ಗಿತ್ತು. ಮೊದಲ ಬೆಳಗ್ಗೆ ಅವಳು ಮಹಡಿಯ ಮೇಲೆ ನಿಂತು ಬೀದಿಯ ಕೊನೆಯ ಅಂಗಡಿಯ ಬೋರ್ಡು ಜೋರಾಗಿ ಓದಿದ್ದು ಇಡೀ ವಠಾರಕ್ಕೆ ಕೇಳಿಸಿತ್ತು.

ಆದರೂ ನನ್ನ ಮಗಳಿಗೆ ಇದನ್ನು ನಾನು ಒಪ್ಪಲಿಲ್ಲ. ಕಾರಣ ನೀರು. ಯಾವ ಕಾಂಟ್ಯಾಕ್ಟ್ ಲೆನ್ಸಿಗೂ ನಲ್ಲಿ ನೀರು, ಬಾವಿ ನೀರು, ಹೊಳೆ ನೀರು ತಾಗಬಾರದು. ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿ ಇಂಥ ನೀರಿನಲ್ಲೇ ಇರುತ್ತದೆ. ಲೆನ್ಸ್ ಹಾಕುವವರ ಕಣ್ಣಿಗೆ ಅದು ಹೊಕ್ಕರೆ ವಾಸಿಯಾಗುವುದು ಕಷ್ಟ, ಕಣ್ಣೇ ಹೋದೀತು. ಅಪರೂಪ ಅನ್ನುವುದು ನಿಜ. ಆದರೆ ನಮ್ಮ ಮಕ್ಕಳು ರಜೆಗೆ ಅಜ್ಜಿ ಮನೆಗೆ ಹೋದರೆ ಏನು ಮಾಡುತ್ತವೆ ಯೋಚಿಸಿ. ಬೆಳಗ್ಗೆ ಎದ್ದು ಹಂಡೆ ನೀರಿಗೆ ಬೊಗಸೆ ಹಾಕುತ್ತವೆ, ಮಧ್ಯಾಹ್ನ ಹಳ್ಳದಲ್ಲಿರುತ್ತವೆ. ಕೈ ತೊಳೆದು, ಒರೆಸಿ, ದ್ರಾವಣದಲ್ಲಿ ಲೆನ್ಸ್ ತೊಳೆದು ಇಡುವ ಶಿಸ್ತು ಪಕ್ಕದ ಮನೆಯಲ್ಲಿದೆ, ಆ ತಾಯಿ ದಿನಾ ನಿಂತು ನೋಡುತ್ತಾಳೆ. ನಮ್ಮಲ್ಲಿ ಹಲ್ಲು ಉಜ್ಜಿಸುವುದೇ ದಿನಕ್ಕೊಂದು ಜಗಳ. ಕಣ್ಣು ಕೆಂಪಾಗಿ ನೋವು ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಹೊಸನಗರದ ಆಚೆ, ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟುವ ಹಳ್ಳಿಯಲ್ಲಿ ಇದ್ದೀರಾದರೆ ರಾತ್ರಿ ಲೆನ್ಸ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಟ್ರೋಪಿನ್ ಡ್ರಾಪ್ಸ್

ಅಣ್ಣನ ಮಗನದ್ದು ಈ ದಾರಿ. ರಾತ್ರಿ ಮಲಗುವಾಗ ಒಂದೊಂದು ಹನಿ. ಅಂಚಿನ ನೋಟಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಕಣ್ಣಿನ ಗೋಡೆಗೆ ಹೋಗುವ ಬೆಳವಣಿಗೆಯ ಸೂಚನೆಯನ್ನೇ ಮಂದ ಮಾಡುತ್ತದೆ ಅನ್ನುತ್ತಾರೆ. ಕನ್ನಡಕ ಹೇಗೂ ಬೇಕು, ಡ್ರಾಪ್ಸಿನಿಂದ ದೂರದ್ದು ಕಾಣಲ್ಲ. ಇದನ್ನು ಎರಡೆರಡು ಸಲ ಹೇಳಬೇಕು. ಯಾಕೆಂದರೆ ಡ್ರಾಪ್ಸ್ ಹಾಕಿದರೆ ಕನ್ನಡಕ ತಪ್ಪುತ್ತೆ ಅಂತ ಅಣ್ಣ ಆರು ತಿಂಗಳು ಕಾದಿದ್ದ.

ಪ್ರಮಾಣದಲ್ಲೇ ಎಲ್ಲಾ ಇದೆ. ಹಾಂಗ್‌ಕಾಂಗಿನ ಲ್ಯಾಂಪ್ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಬರೀ ನೀರಿನಂಥ ಹನಿ ಹಾಕಿದವರಿಗೆ 0.81 ಏರಿತು. ಶೇ. 0.01 ಹಾಕಿದವರಿಗೆ 0.59, ಶೇ. 0.05 ಹಾಕಿದವರಿಗೆ 0.27. ಭಾರತದಲ್ಲೇ ನಡೆದ ಐ-ಆಟಮ್ ಅಧ್ಯಯನದಲ್ಲಿ ಶೇ. 0.01ರ ಹನಿಯಿಂದ ಒಂದು ವರ್ಷಕ್ಕೆ 0.16 ಏರಿದರೆ, ಹಾಕದವರಿಗೆ 0.35. ಪ್ರಮಾಣ ಹೆಚ್ಚಿದಷ್ಟೂ ಪಾಪೆ ಹಿಗ್ಗಿ ಬಿಸಿಲು ಚುಚ್ಚುತ್ತದೆ, ಓದುವಾಗ ಅಕ್ಷರ ಸ್ವಲ್ಪ ಮಸುಕಾಗಬಹುದು. ಹೆಚ್ಚು ಪ್ರಮಾಣ ಹಾಕಿ ಒಮ್ಮೆಲೇ ನಿಲ್ಲಿಸಿದರೆ ಪವರ್ ಮತ್ತೆ ಓಡುತ್ತದೆ ಅಂತ ಸಿಂಗಾಪುರದ ಅಧ್ಯಯನ ತೋರಿಸಿದೆ. ಹಾಗಾಗಿ ಪ್ರಮಾಣ ಎಷ್ಟು, ಯಾವಾಗ ಇಳಿಸೋದು ಅನ್ನುವುದನ್ನು ಡಾಕ್ಟರಿಗೇ ಬಿಡಿ. ಮೆಡಿಕಲ್ ಶಾಪಿನವರು "ಅದಿಲ್ಲ, ಇದು ತಗೊಳ್ಳಿ, ಎರಡೂ ಅಟ್ರೋಪಿನ್ನೇ" ಅಂದರೆ ಬಾಟಲಿ ಮೇಲಿನ ಶೇಕಡಾ ಓದಿ. ಪರೀಕ್ಷೆಗೆ ಪಾಪೆ ಹಿಗ್ಗಿಸಲು ಬಳಸುವ ಶೇ. 1ರ ಬಾಟಲಿ, ಶೇ. 0.01ರ ನೂರು ಪಟ್ಟು ಗಟ್ಟಿ. ಅದನ್ನು ದಿನಾ ಹಾಕುವುದಲ್ಲ.

ಹಳ್ಳಿಯವರಿಗೆ ಡ್ರಾಪ್ಸ್ ಸುಲಭ ಅನ್ನಿಸುತ್ತದೆ. ಹೌದು, ತಿಂಗಳ ಖರ್ಚೂ ಕಮ್ಮಿ. ತೊಡಕು ಒಂದೇ, ಸಾಮಾನ್ಯವಾಗಿ ಬಾಟಲಿ ತೆರೆದರೆ ಒಂದು ತಿಂಗಳು ಮಾತ್ರ. ಅತ್ತಿಗೆ ಬಾಟಲಿ ಮೇಲೆ ಬಾಲ್‌ಪೆನ್ನಿನಲ್ಲಿ ತೆರೆದ ತಾರೀಕು ಬರೆಯುತ್ತಾಳೆ. ಆಷಾಢಕ್ಕೆ ಮೊದಲೇ ಎರಡು ಬಾಟಲಿ ತಂದಿಡುತ್ತಾಳೆ.

ಮೈನಸ್ ಏರುವುದನ್ನು ತಡೆಯುತ್ತೆ ಅಂತ ಕನ್ನಡಕದಂಗಡಿಯಲ್ಲಿ ಯಾರಾದರೂ ಕೆಂಪು ಬೆಳಕಿನ ಯಂತ್ರದ ಬಗ್ಗೆ ಹೇಳಿದರೆ ಸದ್ಯಕ್ಕೆ ದೂರ ಇರಿ. ಚೀನಾದಲ್ಲಿ ಅದನ್ನು ಬಳಸಿದ 12 ವರ್ಷದ ಹುಡುಗಿಯ ರೆಟಿನಾಕ್ಕೆ ಪೆಟ್ಟಾದ ವರದಿ ಬಂದಿದೆ.

ಅಂಗಳ, ಜಗಲಿ, ಮತ್ತೆ ಮಳೆ

ಮಗುವನ್ನು ದಿನಾ ಹೊರಗೆ ಬಿಡುವುದು, ಇದಕ್ಕೆ ದುಡ್ಡು ಬೇಕಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳಿಗೆ ಶಾಲೆಯಲ್ಲೇ ದಿನಾ 40 ನಿಮಿಷ ಹೊರಗಿನ ತರಗತಿ ಸೇರಿಸಿದರು. ಮೂರು ವರ್ಷದಲ್ಲಿ ಅವರಲ್ಲಿ ಶೇ. 30.4 ಮಕ್ಕಳಿಗೆ ಮೈನಸ್ ಬಂತು, ಉಳಿದ ಶಾಲೆಗಳಲ್ಲಿ ಶೇ. 39.5. ತೈವಾನಿನಲ್ಲಿ 2010ರಿಂದ ದಿನಕ್ಕೆ 120 ನಿಮಿಷ ಹೊರಗೆ ಅನ್ನುವ ಕಾರ್ಯಕ್ರಮವೇ ಇದೆ. ಇದು ಮೈನಸ್ ಬರುವುದನ್ನು ಮುಂದೂಡುವುದರಲ್ಲಿ ಗಟ್ಟಿ. ಬಂದ ಮೇಲೆ ಏರುವುದನ್ನು ತಡೆಯುವುದರಲ್ಲಿ ಅಷ್ಟು ಗಟ್ಟಿಯಿಲ್ಲ. ಹಾಗಾಗಿ ಕನ್ನಡಕ ಬಂದ ಅಕ್ಕನಿಗಿಂತ ಇನ್ನೂ ಬಾರದ ತಮ್ಮನಿಗೆ ಇದು ಜಾಸ್ತಿ ಉಪಯೋಗ.

ಮಲೆನಾಡಿನವರು ಕೇಳುವ ಪ್ರಶ್ನೆ: ಜೂನಿನಿಂದ ಸೆಪ್ಟೆಂಬರ್ ತನಕ ಮಗುವನ್ನು ಎಲ್ಲಿಗೆ ಹೊರಗೆ ಕಳಿಸೋದು? ಆಗುಂಬೆಯಲ್ಲಿ ಸರಾಸರಿ 7000 ಮಿ.ಮೀ. ದಾಟುವ ಮಳೆ. ಆದರೆ ಬೇಕಿರುವುದು ಬಿಸಿಲಲ್ಲ, ಬೆಳಕು. ಮರದ ನೆರಳಿನಂಥ 1000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕೂ ಉಪಯೋಗಕ್ಕೆ ಬರುತ್ತದೆ ಅಂತ ತೈವಾನಿನ ಅಧ್ಯಯನ ಹೇಳಿದೆ. ಕಳೆದ ಆಷಾಢದಲ್ಲಿ ತವರಿನಲ್ಲಿ ಕೂತು ಫೋನಿಗೆ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲ ತಿರುಗಿದೆ. ನಡುಮನೆಯಲ್ಲಿ ದೀಪ ಹಾಕಿದರೂ ಅಂಕಿ ನೂರು ಮುಟ್ಟಲು ಒದ್ದಾಡಿತು. ಜಗಲಿಯ ಅಂಚಿಗೆ ಬಂದರೆ ಎದ್ದು ಕೂತಿತು. ಅಂಗಳಕ್ಕೆ ಕೊಡೆ ಹಿಡಿದು ಇಳಿದರೆ, ಮೋಡ ಕವಿದ ಮಧ್ಯಾಹ್ನದಲ್ಲೂ ಸಾವಿರಗಳಲ್ಲಿ ಓಡಿತು. ಫೋನಿನ ಅಳತೆಯನ್ನು ಪೂರ್ತಿ ನಂಬುವ ಹಾಗಿಲ್ಲ, ಆದರೆ ಒಳಗೂ ಹೊರಗೂ ಇರುವ ಅಂತರ ಸುಳ್ಳಲ್ಲ. ಅವತ್ತೇ ಓದುವ ಮಣೆ ನಡುಮನೆಯಿಂದ ಜಗಲಿಗೆ ಬಂತು. ಮಳೆ ಬಿಟ್ಟ ಅರ್ಧ ಗಂಟೆ ಅಂಗಳ. ದೀಪಾವಳಿ ಕಳೆದು ಅಡಿಕೆ ಒಣಗಿಸುವ ಕಾಲ ಬಂದರೆ ಅಡಿಕೆ ಹರವಲು, ಕೈಯಾಡಿಸಲು ಹುಡುಗರನ್ನೇ ಕರೆಯಿರಿ. ಬೈದರೂ ಪರವಾಗಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಆರರಿಂದ ಹನ್ನೆರಡು ವರ್ಷ, ವರ್ಷಕ್ಕೆ ಅರ್ಧ ಪವರ್ ಮೇಲೆ ಏರಿಕೆ, ಕನ್ನಡಕ ಹಾಕಲು ತಕರಾರಿಲ್ಲ: ಚುಕ್ಕಿ ಕನ್ನಡಕದಿಂದ ಶುರು ಮಾಡಿ. ನಾನು ಮಾಡಿದ್ದು ಅದೇ. ದುಡ್ಡು ಹೊಂದದಿದ್ದರೆ ಮಾಮೂಲಿ ಕನ್ನಡಕದ ಜೊತೆ ಡ್ರಾಪ್ಸ್ ಕೇಳಿ. ಅದು ಎರಡನೇ ದರ್ಜೆಯ ಆಯ್ಕೆ ಅಲ್ಲ. ಅಪ್ಪ ಅಮ್ಮ ಇಬ್ಬರಿಗೂ ದಪ್ಪ ಕನ್ನಡಕ, ಮಗುವಿಗೆ ಓಡುವ ಪವರ್ ಅಂದರೆ ಡಾಕ್ಟರು ಎರಡನ್ನೂ ಸೇರಿಸುವುದಿದೆ. ಆಟ ಅಥವಾ ನೃತ್ಯದ ಮಗು, ಮನೆಯಲ್ಲಿ ಶುಚಿತ್ವ ನೋಡಿಕೊಳ್ಳುವ ದೊಡ್ಡವರು, ಅರ್ಧ ಗಂಟೆಯ ದೂರದಲ್ಲಿ ಕಣ್ಣಿನ ಡಾಕ್ಟರು, ಈ ಮೂರೂ ಕೂಡಿದರೆ ಮಾತ್ರ ಲೆನ್ಸಿನ ಮಾತು.

ಯಾವುದೇ ಆರಿಸಿ, ಅದಕ್ಕೆ ಮೊದಲು ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿ. ಮಕ್ಕಳ ಕಣ್ಣು ಯಂತ್ರದ ಮುಂದೆ ತಾನೇ ಬಿಗಿಹಿಡಿದು ಇಲ್ಲದ ಮೈನಸ್ ತೋರಿಸುತ್ತದೆ. ಮಗಳಿಗೆ ಮೊದಲು ಅಂಗಡಿಯೊಂದರಲ್ಲಿ ಹತ್ತು ನಿಮಿಷದಲ್ಲಿ 1.75 ಅಂದಿದ್ದರು. ಹನಿ ಹಾಕಿ, ಕಾದು ನೋಡಿದಾಗ 1.25. ಅರ್ಧ ಪವರ್ ಸುಮ್ಮನೆ ಜಾಸ್ತಿ.

ಜೊತೆಗೆ ಕಣ್ಣಿನ ಉದ್ದ ಅಳೆಯುವ ಯಂತ್ರ ಇರುವ ಕಡೆ ಹೋಗಿ. ಗಲ್ಲ ಇಟ್ಟು ಕೆಲವು ಸೆಕೆಂಡು ದೀಪ ನೋಡಿದರೆ ಆಯಿತು, ಕಣ್ಣಿಗೆ ಏನೂ ತಾಗುವುದಿಲ್ಲ. ಆರು ತಿಂಗಳಿಗೊಮ್ಮೆ, ಸಾಧ್ಯವಾದರೆ ಅದೇ ಜಾಗದಲ್ಲಿ, ಅದೇ ಯಂತ್ರದಲ್ಲಿ. ಉದ್ದ ಒಂಚೂರೂ ಏರಬಾರದು ಅಂತ ಕಾಯಬೇಡಿ, ಕನ್ನಡಕ ಇಲ್ಲದ ಮಕ್ಕಳ ಕಣ್ಣೂ ಒಂಬತ್ತು ಹತ್ತರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 0.1 ಮಿ.ಮೀ. ಬೆಳೆಯುತ್ತದೆ. ಮಗಳ ಫೈಲಿನಲ್ಲಿ ಮಾಮೂಲಿ ಕನ್ನಡಕದ ವರ್ಷದ ಅಂಕಿ ಇದೆ. ಫ್ರೇಮು ಜಾರಿದ ಐದು ತಿಂಗಳದ್ದೂ ಇದೆ. ಮೂಗಿಗೆ ಗಟ್ಟಿ ಕೂರುವ ಸಣ್ಣ ಫ್ರೇಮು ಹಾಕಿಸಿದ ಮೇಲಿನದ್ದೂ ಇದೆ. ಮುಂದಿನ ಅಳತೆ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು.